ಜಮಾ

ಮೂವತ್ತೊಂದು ವರ್ಷ ಆತು ನೋಡ್ರಿ ಬಣ್ಣದ ಅಂಗಡಿ ಇಟ್ಟು,
ಗದಗಿನ ಸ್ಟೇಷನ್ ರೋಡಿನಾಗ.
ಗಲ್ಲಾದ ಮ್ಯಾಲೆ ಬೋರ್ಡು: ಇಂದು ನಗದು, ನಾಳೆ ಉದ್ರಿ.
ಆದ್ರೂ ಉದ್ರಿ ಬರದು ಬರದು
ಬಟ್ಟಿನ ಮಸಿ ಸಾಬಾಣಕ್ಕ ಹೋಗವಲ್ದು.

ಮಳಿಗಾಲಕ್ಕ ಮುಂಚೆ ಎಂಟುನೂರು ಬಕೆಟ್ ಎತ್ತಿದ್ದಕ್ಕ
ಕಂಪನಿಯವರು ನನ್ನ, ದಾಕ್ಷಾಯಣಿನ್ನ
ಸಿಂಗಾಪುರದಾಗ ಹಡಗ ಹತ್ತಿಸಿದ್ರು.
ಕೊರಳಿಗೆ ಒಂದೊಂದು ಕಾರ್ಡು, ದನಕ್ಕ ಗಂಟಿ ಕಟ್ಟಿದಂಗ.
ಕಂಪನಿ ಹುಡುಗ ಧಾರವಾಡದಾಂವ, ಬಿಡಿಸಿ ಹೇಳಿದ:
‘ಇದರಾಗ ತಲಾ ಎಪ್ಪತ್ತೈದು ಡಾಲರ್ ಜಮಾ ಅದ, ಅಂಕಲ್.
ನಾಕು ದಿನದಾಗ ಖರ್ಚು ಮಾಡ್ರಿ.’
ಉಳಿದ್ರ?
‘ಉಳಸಬ್ಯಾಡ್ರಿ.’
ಉಳಿದ್ರ ಅಂತ ಕೇಳಿದ್ನೋ ತಮ್ಮಾ.
‘ಉಳಿದದ್ದು ಹಡಗಿಂದು.’

ಊಟ ಪುಕ್ಕಟೆ, ಹಾಸಿಗಿ ಪುಕ್ಕಟೆ,
ಸುತ್ತ ಅಷ್ಟು ನೀರು, ಅದೂ ಪುಕ್ಕಟೆ.
ಖರ್ಚು ಎಲ್ಲಿ ಮಾಡೂದು?
ಹದಿನಾರು ಡಾಲರಿನ ಟೊಪ್ಪಿಗಿ ತಗೊಂಡೆ.
ಅವತ್ತ ಸಂಜಿಕ ಗಾಳಿ ಬಂತು.
ಯಾವ ಮೀನು ಹಾಕ್ಕೊಂಡು ತಿರಗತೈತೋ.

ದಾಕ್ಷಾಯಣಿಗೆ ಕಾಲು ತಿಕ್ಕಿಸಿದ್ವಿ, ಇಪ್ಪತ್ತು ಮಿನಿಟು.
ಫಿಲಿಪೀನ್ಸಿನ ಹುಡುಗಿ, ನಮ್ಮ ತಂಗಿ ಮಗಳಷ್ಟ.
ಹಿಮ್ಮಡಿಯ ಬಿರುಕಿನಾಗ ಆ ಹುಡುಗಿ ಎಣ್ಣಿ ತುಂಬುವಾಗ
ಇಕಿ ಎರಡೂ ಕೈಲೆ ಕುರ್ಚಿ ಹಿಡಕೊಂಡು ಕೂತಿದ್ಲು,
ಬಸ್ಸಿನಾಗ ಕೂತವರಂಗ.
ಮುಗದ ಕೂಡ್ಲೆ ಬಗ್ಗಿ
ಆ ಹುಡುಗಿ ಕಾಲು ಮುಟ್ಟಿ ನಮಸ್ಕಾರ ಮಾಡಿಬಿಟ್ಲು.
ಆಕಿ ಗಾಬರಿ, ಇಕಿ ಗಾಬರಿ.
ಅರವತ್ತು ಡಾಲರ್.

ಕಡೀ ರಾತ್ರಿ ಉಳದದ್ದು ನಲವತ್ತೊಂದು.
ಒಂದು ದೊಡ್ಡ ಬಕೆಟ್ ಪ್ರೈಮರಿನ ಕಿಮ್ಮತ್ತು.
ರಾಣೆಬೆನ್ನೂರಿನ ಹಾರ್ಡವೇರ್ ಸಾವಕಾರ
ಕಿವಿಯಾಗ ಹೇಳಿದ: ‘ಜೂಜಿನ ಮಶೀನಿಗೆ ಕಾರ್ಡು ತೋರಸು,
ಒಂದಾಟ ಆಡು, ಉಳದದ್ದು ನಗದು ತಗೊಂಡು ಬಾ.
ನಾ ನಿನ್ನೇನ ತಗದೇನಿ.’
ಹೆಂಡತಿ ಮಲಗಲಿ ಅಂತ ಕಾದೆ.
ಮಲಗಿದ್ಲು. ಹೋದೆ.
ಬಾಗಲಾ ಹಾಕಿತ್ತು.
ದಂಡಿ ಹತ್ರ ಬಂತಂದ್ರ ಜೂಜು ಬಂದಂತ,
ಅದು ಸರಕಾರದ ಕಾಯ್ದೆ ಅಂತ.
ಕಿಟಕಿಯಾಗ ದೂರ ಊರಿನ ದೀಪಾ ಕಾಣತಿದ್ವು.
ಬೆಳಗಾಗೂದರಾಗ ಬಾಗಲ ಸಂದಿಲೆ ಒಂದು ಚೀಟಿ ಒಳಗ ಬಂತು:
ಬಾಕಿ, ಸೊನ್ನಿ.

ಆ ಕಾರ್ಡು ಈಗ ಅಂಗಡಿಯಾಗೈತಿ.
ಡಬ್ಬಿ ಕಂಠಕ್ಕ ಹತ್ತಿದ ಪುಟ್ಟಿ ಕೆರಿಯಾಕ ಚಲೋ ಆಗೈತಿ.

ದೀಪಾವಳಿಗೆ ಹಳೇ ಕೀರ್ದಿಯಿಂದ ಹೊಸಾದಕ್ಕ ಇಳಸ್ಕೋತ ಕೂತಿದ್ದೆ.
ಉದ್ರಿ, ಉದ್ರಿ, ಉದ್ರಿ,
ನಡುವ ಒಂದು ಹೆಸರು ಬಲಕ್ಕ:
ದಾವಲಸಾಬ ನದಾಫ, ಪೇಂಟರ್, ಬೆಟಗೇರಿ.
ಒಡೀದ ಎರಡು ಡಬ್ಬಿ ತಿರುಗಿ ತಂದ ಬಾಬತ್ತು
ಜಮಾ ಇನ್ನೂರಾ ಹನ್ನೆರಡು.
ಅಂವ ತೀರಿಕೊಂಡು ಎರಡು ವರ್ಷ.
ಎರಡೂ ಸಲ ಇಳಿಸಿದ್ದೆ.
ಈ ಸಲ ಬಿಟ್ಟು ಮುಂದ ಹೋಗಾಕ ಪೆನ್ನು ಎತ್ತಿದ್ದೆ,
ಖರೇ ಹೇಳ್ತೀನಿ.

ಗಾಡಿ ತಗದು ಬೆಟಗೇರಿಗೆ ಹೋದೆ.
ಖಾಜಾಬಿ ದಿಂಬಿಗೆ ಅರಳಿ ತುಂಬಾಕ ಕೂತಿದ್ಲು,
ಹುಬ್ಬಿನ ಮ್ಯಾಲೂ ಅರಳಿ.
ರೊಕ್ಕ ಎಣಿಸಿದ್ಲು. ಮತ್ತೊಮ್ಮೆ ಎಣಿಸಿದ್ಲು.
‘ಇದು ಯಾವಾಗಿಂದ್ರೀ?’
ನಾಕು ವರ್ಷದ್ದವಾ.
‘ಇಷ್ಟ ದಿನ ಇತ್ತs?’
ಇತ್ತು ಅಂದೆ. ಬ್ಯಾರೆ ಏನನ್ಲಿ.
ಇನ್ನೂರು ಸೆರಗಿಗೆ ಗಂಟ ಹಾಕಿದ್ಲು.
ಹನ್ನೆರಡು ಮೊಮ್ಮಗನ ಕೈಯಾಗಿಟ್ಲು:
‘ಓಡಿ ಹೋಗಿ ಸಾವಕಾರ್ರಿಗೆ ಚಾ ತಾ,
ಉಳದದ್ದರಾಗ ಖಾರಾ-ಚುನಮುರಿ.’
ಬ್ಯಾಡವಾ ಅಂದೆ, ಅಂಗಡಿ ತೆರದು ಬಂದೀನಿ ಅಂದೆ.
‘ಕುಂದ್ರ್ರೀ’ ಅಂದ್ಲು.
ಆ ಹನ್ನೆರಡು ರೂಪಾಯಿ ಪೂರಾ ತೀರೂ ತನಕ
ನನ್ನ ಏಳಗೊಡಲಿಲ್ಲ.