ಒಂಬತ್ತು ಡಾಲರ್ ಹೆಪ್ಪು

ಡುಲೂತ್‌ನಲ್ಲಿ ಫೆಬ್ರವರಿ. ಬೆಳಗಿನ ಐದಕ್ಕೆ
ಐಲಾ ಹಾಕಲಾ ಹಳದಿ ಬಸ್ಸಿನ ಗಾಜಿನ ಮೇಲಿನ
ಮಂಜು ಕೆರೆಯುತ್ತಾಳೆ
ರದ್ದಾದ ಹಳೆಯ ಕ್ರೆಡಿಟ್ ಕಾರ್ಡಿನ ಅಂಚಿನಿಂದ.
ಅದಕ್ಕೀಗ ಉಳಿದಿರುವ ಕೆಲಸ ಅದೊಂದೇ.

ಎದೆ ಹಿಡಿದುಕೊಂಡ ಗಂಡ ಆಸ್ಪತ್ರೆಯಲ್ಲಿ
ಮೂರನೇ ದಿನ ಹೋದ. ಬಿಲ್ಲು ಹೋಗಲಿಲ್ಲ.
ಅದು ವಸೂಲಿಯವರ ಕೈಗೆ, ಅವರಿಂದ
ಇನ್ನೊಬ್ಬ ವಸೂಲಿಯವರ ಕೈಗೆ
ಮನೆ ಬದಲಿಸುತ್ತ, ಬಡ್ಡಿ ಬೆಳೆಸುತ್ತ ನಡೆಯಿತು.
ಐನೂರ ಹನ್ನೊಂದಕ್ಕೆ ಇಳಿದಳು ಐಲಾ.
ಹೌದು, ಇಳಿದದ್ದು ಅಂಕವಲ್ಲ, ಅವಳೇ:
ಬಾಡಿಗೆ ಮನೆಯವನು ಹಾಗೇ ನೋಡಿದ,
ಫೋನಿನ ಅಂಗಡಿಯ ಹುಡುಗನೂ.

ಆಮೇಲೆ ಮುನ್ನೂರು ಡಾಲರ್ ಠೇವಣಿಯಿಟ್ಟು
ಮುನ್ನೂರು ಡಾಲರಿನ ಕಾರ್ಡು ತಂದಳು.
ತನ್ನ ದುಡ್ಡನ್ನೇ ಸಾಲವಾಗಿ ಪಡೆದು
ಹೊತ್ತಿಗೆ ಸರಿಯಾಗಿ ತೀರಿಸುವ ಆಟ.
ಪೆಟ್ರೋಲು, ಬೆಕ್ಕಿನ ಊಟ. ಬೇರೇನೂ ಇಲ್ಲ.

ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಮಂಗಳವಾರ
ಪುಕ್ಕಟೆ ಬುದ್ಧಿ ಹೇಳುವ ಆರ್ಡಿಸ್,
ಬ್ಯಾಂಕಿನಿಂದ ನಿವೃತ್ತಳು, ಕಿವಿಯಲ್ಲಿ ಹೇಳಿದ್ದು:
ಹದಿನೇಳಕ್ಕೆ ಲೆಕ್ಕ ಮುಚ್ಚುತ್ತಾರೆ. ಅಷ್ಟರೊಳಗೆ ಕಟ್ಟು,
ಪೂರಾ ಸೊನ್ನೆ ಮಾಡಬೇಡ. ಒಂಬತ್ತು ಡಾಲರ್ ಬಿಡು.
ಬಿಲ್ಲು ಬಂದ ಮೇಲೆ ಅದನ್ನೂ ಕಟ್ಟು.
ಸಾಲವೇ ಇಲ್ಲದವರ ಗುರುತು ಯಂತ್ರಕ್ಕೆ ಹತ್ತುವುದಿಲ್ಲ.

ಪಾತ್ರೆ ತೊಳೆಯುವ ಮುನ್ನ ನಾವು
ಒಂದು ಚಮಚ ಮೊಸರು ಎತ್ತಿಡುತ್ತೇವಲ್ಲ, ಹಾಗೆ.
ಐಲಾಗೆ ಇದು ಹೊಸದಲ್ಲ. ಅವಳ ಅಜ್ಜಿ ಫಿನ್ಲೆಂಡಿನಿಂದ
ಕರವಸ್ತ್ರಕ್ಕೆ ಹೆಪ್ಪು ಸವರಿ, ಒಣಗಿಸಿ, ಮಡಚಿ
ಹಡಗು ಹತ್ತಿದ್ದಳಂತೆ.
ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸಬಾರದು,
ಅಷ್ಟೇ ಕಷ್ಟ.

ಟೈರಿನಂಗಡಿ ಕೊಟ್ಟ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಸೊನ್ನೆಗಳು.
ಮಾರ್ಚ್ ಆರು: ಕಾರಿನ ಸಾಲಕ್ಕೆಂದು ಯಾರೋ
ಅವಳ ಕಡತ ತೆರೆದ ಗುರುತು ಅಳಿಯುವ ದಿನ.
ಜೂನ್: ಬಿಲ್ಲು ತಪ್ಪಿ ಏಳು ವರ್ಷ.
ಶನಿಯೂ ಏಳೂವರೆಗೆ ಬಿಡುತ್ತಾನೆ,
ಇವರು ಅರ್ಧ ವರ್ಷ ಮೊದಲೇ ಬಿಡುತ್ತಾರಂತೆ, ಪುಣ್ಯ.

ಕೋಟಿನ ಅಂಗಡಿಯ ಹುಡುಗಿ ಅಂದಳು,
ನಮ್ಮ ಕಾರ್ಡು ತೊಗೊಂಡರೆ ಇಪ್ಪತ್ತು ಪರ್ಸೆಂಟ್ ಕಡಿಮೆ,
ಎರಡೇ ನಿಮಿಷ.
ನೀಲಿ ಕೋಟು. ಒಳಗೆ ಕುರಿಯುಣ್ಣೆ.
ಐಲಾ ಅದರ ಜೇಬಿನೊಳಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು.
ಇವತ್ತಲ್ಲ ಅಂದಳು. ಹಳೆಯ ಕೋಟಿಗೆ ಗುಂಡಿ ಹಾಕಿದಳು.

ಶಾಲೆಯ ಬಸ್ಸು ಪ್ರತಿ ಹಳಿಯ ಮುಂದೆಯೂ ನಿಲ್ಲಬೇಕು.
ಬಾಗಿಲು ತೆರೆದು ಕಿವಿಗೊಡಬೇಕು,
ಅದಿರಿನ ರೈಲು ಬರದೆ ವರ್ಷಗಳಾದ ಹಳಿಯೇ ಆಗಲಿ.
ಒಳಗೆಲ್ಲ ಚಳಿ ನುಗ್ಗುತ್ತದೆ. ಹಿಂದಿನ ಸೀಟಿನ ಟೋಬಿನ್ ಕೂಗುತ್ತಾನೆ,
ಏನೂ ಬರ್ತಿಲ್ಲ, ಹೋಗೂ!
ಗೊತ್ತು, ಅನ್ನುತ್ತಾಳೆ. ಆದರೂ ಎಣಿಸುತ್ತಾಳೆ.

ಜುಲೈ ಇಪ್ಪತ್ತು. ಆರುನೂರ ತೊಂಬತ್ತನಾಲ್ಕು.
ಶಾಲೆಗೆ ರಜೆ. ಸರೋವರದ ಗಾಳಿ.
ಹೆಸರು, ವಿಳಾಸ, ವರಮಾನ ತುಂಬಿ
ಬೆರಳಿಂದ ಒತ್ತಿದ್ದಾಳೆ ಕೊನೆಗೂ.
ಫೋನಿನಲ್ಲಿ ಸಣ್ಣ ಚಕ್ರ ತಿರುಗುತ್ತಿದೆ, ತಿರುಗುತ್ತಲೇ ಇದೆ.
ಯಾವಾಗ ಎದ್ದಳೋ ಅವಳಿಗೇ ತಿಳಿಯದು,
ಮನೆಯ ಮುಂಬಾಗಿಲು ತೆರೆದು ಹಿಡಿದು ನಿಂತಿದ್ದಾಳೆ,
ತಲೆ ಒಂದು ಕಡೆಗೆ ವಾಲಿಸಿ.

ಬೆಕ್ಕು ಹೊರಗೆ ನೋಡಿತು. ಒಳಗೆ ನೋಡಿತು.
ಹೊಸಿಲ ಮೇಲೇ ಕೂತಿತು.