ಕಿವಿ ಎಂದರೆ ಕಲ್ಲು

ಮೇಷ್ಟ್ರು ಹೋದ ಮೂರನೇ ವಾರ ಸಿಲ್ವಿ ಫೋನು ಮಾಡಿದರು:
"ಕೆಳಗೆಲ್ಲೋ ತೊಟ್ಟಿಕ್ಕುತ್ತಿದೆ. ಅವರಿದ್ದಿದ್ದರೆ
ಕೂತಲ್ಲಿಂದಲೇ ಹೇಳುತ್ತಿದ್ದರು, ಎಲ್ಲಿ ಅಂತ.
ನೀನು ಬಾ."

ಥಂಡರ್ ಬೇ ಊರಲ್ಲಿ ಮಾರ್ಚ್ ತಿಂಗಳು.
ಸರೋವರದ ಮೇಲೆ ಇನ್ನೂ ನಡೆಯಬಹುದು,
ಧಾನ್ಯದ ಗೋಪುರಗಳು ಬೂದಿ ಬಾನಿಗೆ ಬೆನ್ನು ಕೊಟ್ಟು ನಿಂತಿವೆ.
ಸಿಲ್ವಿ ಏಲಕ್ಕಿ ಬ್ರೆಡ್ಡು ಕೊಯ್ದರು,
ನಾಲ್ಕು ಬಟ್ಟಲು ತೆಗೆದರು,
ಒಂದನ್ನು ಒರೆಸಿ ಮತ್ತೆ ಕಪಾಟಿಗಿಟ್ಟರು.

ಅರ್ವೊ ಕಿವಿಕೋಸ್ಕಿ.
ಫಿನ್ನರ ಮಾತಲ್ಲಿ ಕಿವಿ ಎಂದರೆ ಕಲ್ಲು,
ಕೋಸ್ಕಿ ಎಂದರೆ ಧುಮುಕುವ ಹೊಳೆ.
ನಲ್ಲಿ ರಿಪೇರಿಯವನಿಗೆ ಇದಕ್ಕಿಂತ ಹೆಸರು ಬೇಕೇ
ಎಂದು ಪ್ರತಿವರ್ಷ ಮೊದಲ ದಿನ ಅದೇ ಜೋಕು,
ನಗುವವರು ಅವರೊಬ್ಬರೇ.

ನನಗೆ ಆಗ ಹದಿನೇಳು. ಉದ್ದನೆಯ ಮೇಜು,
ಹನ್ನೆರಡು ನೀಲಿ ಬೆಂಕಿಯ ನಾಲಗೆ.
ನನ್ನ ಮೊದಲ ಬೆಸುಗೆಯನ್ನು ಬೆಳಕಿಗೆ ಹಿಡಿದರು,
ಏನೂ ಅನ್ನಲಿಲ್ಲ, ನಲ್ಲಿಗೆ ಸಿಕ್ಕಿಸಿ ನೀರು ಬಿಟ್ಟರು.
ಅಂಗಿಯೆಲ್ಲ ತೊಯ್ದುಹೋಯಿತು.
"ನೀರಿಗೆ ದಾಕ್ಷಿಣ್ಯ ಇಲ್ಲ ಹುಡುಗಾ.
ನಾನು ಪಾಸು ಮಾಡಿದರೂ ಅದು ಮಾಡೋದಿಲ್ಲ."

ನಲವತ್ತೊಂದು ವರ್ಷ ಹೀಗೆ ತೋಯಿಸಿದರು:
ಕಾಗದದ ಕಾರ್ಖಾನೆಯವರ ಮಕ್ಕಳನ್ನು,
ಶಾಲೆ ಓಡಿಸಿದವರನ್ನು, ಜೈಲಿಂದ ಬಂದ ಒಬ್ಬನನ್ನು,
ಆಮೇಲಾಮೇಲೆ ಹುಡುಗಿಯರನ್ನೂ.
ಮೊದಲು ಬಂದವಳನ್ನು ನೋಡಿ ಯಾರೋ ನಕ್ಕಾಗ
ತಮ್ಮ ಸ್ವಂತ ಪಾನಾ ಅವಳ ಕೈಗಿತ್ತು
ನಕ್ಕವನ ಕೈಗೆ ಪೊರಕೆ ಇತ್ತರು. (ನಕ್ಕವನು ನಾನೇ.)

ಗುರುವಾರ ಸಂಜೆ ಬೇರೆಯೇ ಮನುಷ್ಯ.
ಸಭಾಂಗಣದ ಬ್ಯಾಂಡು, ಎರಡನೇ ಸಾಲಿನ ಎಡತುದಿ,
ಹೆಗಲ ಮೇಲೆ ಟ್ರೊಂಬೋನು.
ಅದೂ ಕೊಳವೆಯೇ, ಸೋರಬೇಕಾದಲ್ಲಿ ಸೋರುವ ಕೊಳವೆ.
ಮುಂದೆ ಕೂತವರು ಬಾಗದಿದ್ದರೆ ತಲೆಗೆ ತಾಗುತ್ತಿತ್ತು.
ಐವತ್ತಾರರ ಒಂದು ಚಳಿಗಾಲ ಕ್ಲಾರಿನೆಟ್ಟಿನ ಹುಡುಗಿ
ಬಾಗಲಿಲ್ಲ. ತಿರುಗಿ ನೋಡಿದಳು.
ಅಲ್ಲಿಂದ ಮುಂದಿನದು ನಾಲ್ಕು ಮಕ್ಕಳು, ಸಾಲದ ಮನೆ,
ಹಿತ್ತಲಲ್ಲಿ ಅವರೇ ಕಟ್ಟಿದ ಸೌನಾ,
ಅದರ ಬಾಗಿಲು ಅರವತ್ತು ವರ್ಷ
ಇವತ್ತು ಸರಿಮಾಡುತ್ತೇನೆ ಎನ್ನುತ್ತಾ ಹಾಗೇ ಕಿರ್ರೆಂದಿತು.

ಮೂರನೆಯವಳು ರೈಯಾ. ಹುಟ್ಟಿನಿಂದ ಕೇಳಿಸದು.
ಇದನ್ನು ಮೇಷ್ಟ್ರು ತರಗತಿಯಲ್ಲಿ ಹೇಳಿದ್ದಿಲ್ಲ.

ನೆಲಮಾಳಿಗೆಯಲ್ಲಿ ಬಲ್ಬು ಹಚ್ಚಿದೆ.
ತಾಮ್ರದ ಕೊಳವೆಗಳು ಸಾಲು ಸಾಲು, ಒಂದೂ ವಕ್ರವಿಲ್ಲ,
ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಅವರ ಅಕ್ಷರ:
ಬಿಸಿ. ತಣ್ಣಗೆ. ಸೌನಾಕ್ಕೆ. ರೈಯಾಳ ಕೋಣೆಗೆ.
ಕಡೆಯದರ ಕೆಳಗೆ ಸಣ್ಣದಾಗಿ:
ಮೂರು ಸಲ ಅಂದರೆ ಊಟ.
ಎರಡು ಸಲ, ಅಪ್ಪ ಬಂದ.

ನಾನು ಓದುವ ಮೊದಲೇ
ಟೊಳ್ಳು ಎಲ್ಲಿದೆ ತಿಳಿಯಲೆಂದು
ಪಾನಾದ ಹಿಡಿಯಿಂದ ಆ ಕೊಳವೆಗೆ ಕುಟ್ಟಿದ್ದೆ.
ಎರಡು ಸಲ.

ಮೇಲೆ ಕುರ್ಚಿ ಸರಿದ ಸದ್ದು.
ಮೆಟ್ಟಿಲ ಮೇಲೆ ಅರವತ್ತು ದಾಟಿದ ಹೆಂಗಸು,
ರೇಡಿಯೇಟರಿನ ಬಿಸಿ ಇನ್ನೂ ಅಂಗೈಯಲ್ಲಿ,
ನನ್ನನ್ನು ನೋಡಿದಳು. ನನ್ನ ಹಿಂದೆ ನೋಡಿದಳು.
ಎಲ್ಲಾ ಮೂಲೆಗಳನ್ನೂ ನೋಡಿ ಮುಗಿಯುವತನಕ
ನಾನು ಪಾನಾ ಹಿಡಿದು ನಿಂತೇ ಇದ್ದೆ, ಕಳ್ಳನ ಹಾಗೆ.
ಕ್ಷಮಿಸಿ ಅನ್ನಲು ನನ್ನ ಕೈಗೆ ಭಾಷೆ ಗೊತ್ತಿಲ್ಲ.

ಅವಳು ಇಳಿದು ಬಂದಳು.
ಒಂದೊಂದೇ ಕೊಳವೆಗೆ ಅಂಗೈ ಒತ್ತಿ,
ಕಣ್ಣು ಮುಚ್ಚಿ, ಮುಂದಿನದಕ್ಕೆ ಸರಿದು,
ಬಾಯ್ಲರಿನ ಹಿಂದೆ, ಬೆಳಕು ಬೀಳದ ಕಡೆ ನಿಂತು
ಬೆರಳು ತೋರಿಸಿದಳು.
ಸೂಜಿ ಮೊನೆಯಷ್ಟು ತೂತು. ಅದೂ ನನ್ನದೇ ಬೆಸುಗೆ,
ಎಪ್ಪತ್ತೊಂಬತ್ತರ ಬೇಸಿಗೆ, ಅವರು ಕೂಲಿ ಕೊಟ್ಟು ಮಾಡಿಸಿದ್ದು.
ಅವರಿಗೆ ತಿಳಿದಿರಲಿಲ್ಲವೆಂದು ನಾನು ನಂಬುವುದಿಲ್ಲ.

ನೀರು ನಿಲ್ಲಿಸಿದೆ, ಉಜ್ಜಿದೆ, ಬೆಂಕಿ ಹಿಡಿದೆ.
ರೈಯಾ ಪಕ್ಕದಲ್ಲೇ ನಿಂತು ಟಾರ್ಚು ಬಿಟ್ಟಳು.
ಮತ್ತೆ ನೀರು ಬಿಡುವಾಗ ಇಬ್ಬರೂ
ಒಂದು ಹೆಜ್ಜೆ ಹಿಂದೆ ಸರಿದೆವು,
ಅವರ ಮಗಳು, ಅವರ ವಿದ್ಯಾರ್ಥಿ,
ನೀರನ್ನು ಬಲ್ಲವರು.