ಯಾವುದು ತಗೊಂಡ್ರೂ ತೊಂಬತ್ತೊಂಬತ್ತು

ಚೌಕಿಪೇಟೆಯ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ
ಮೂವತ್ತೊಂದು ವರ್ಷದಿಂದ ಉಳಿ ಹಿಡಿದು ಕೂತಿದ್ದೇನೆ.
ಹೆಸರು ಕೊರೆಯಲು ಅಕ್ಷರಕ್ಕೆ ಎರಡು ರೂಪಾಯಿ.
ಒತ್ತಿಗೆ ಬೇರೆ ಕಾಸಿಲ್ಲ,
ಅದು ನನ್ನ ಕಡೆಯಿಂದ.

ಎದುರಿಗೆ, ಮುಚ್ಚಿದ ಬಟ್ಟೆ ಅಂಗಡಿ ಇದ್ದಲ್ಲಿ,
ಹೋದ ಯುಗಾದಿಗೆ ಜಪಾನಿನ ಅಂಗಡಿ ಬಂತು.
ಜಪಾನಿನವರು ಯಾರೂ ಬರಲಿಲ್ಲ.
ಹರಿಹರದ ಹುಡುಗಿ ರುಬೀನಾ ಗಲ್ಲೆಯಲ್ಲಿದ್ದಾಳೆ.
ಬೋರ್ಡಿನ ಮೇಲೊಂದು ಬೆಕ್ಕು ಕೈಯೆತ್ತಿದೆ,
ಬಾ ಅನ್ನುತ್ತದೋ ಸಾಕು ಅನ್ನುತ್ತದೋ
ಇನ್ನೂ ತಿಳಿದಿಲ್ಲ.

ಮೊದಲ ದಿನ ಒಳಗೆ ಹೋದದ್ದು ಏಸಿಗಾಗಿ.
ನಿಜ ಹೇಳಬೇಕಲ್ಲ.
ಆಮೇಲೆ ನಿಂತುಬಿಟ್ಟೆ.
ಬಾಳೆಹಣ್ಣಿಗೊಂದು ಡಬ್ಬಿ, ಬಾಳೆಹಣ್ಣಿನಷ್ಟೇ ಡೊಂಕು.
ಅರ್ಧ ಉಳಿದ ಈರುಳ್ಳಿಗೊಂದು ಟೋಪಿ.
ಕುರ್ಚಿಯ ಕಾಲಿಗೆ ಉಣ್ಣೆಯ ಕಾಲುಚೀಲ,
ನಾಲ್ಕರ ಜೊತೆ!
ಪೇಸ್ಟಿನ ಬಾಲ ಹಿಡಿದು ಕೊನೆಯವರೆಗೂ ಹಿಂಡುವ ಕೀಲಿ.
ನಮ್ಮವ್ವ ಅದನ್ನು ಬಾಗಿಲ ಸಂದಿಯಲ್ಲಿ ಮಾಡುತ್ತಿದ್ದಳು.

ಯಾರೋ ಒಬ್ಬ, ಸಮುದ್ರದಾಚೆ,
ಇಡೀ ಒಂದು ಮಧ್ಯಾಹ್ನ ಕೂತು
ಬಿಸಿ ಮುಚ್ಚಳವನ್ನು ಎಲ್ಲಿಡಬೇಕು ಅಂತ
ಯೋಚಿಸಿದ್ದಾನೆ.
ನಮ್ಮ ಮನೆಯಲ್ಲಿ ಅದನ್ನು
ಯಾರೂ ಪ್ರಶ್ನೆ ಅಂದುಕೊಂಡಿರಲಿಲ್ಲ;
ಸುಟ್ಟ ಬೆರಳು ಬಾಯಿಗಿಟ್ಟುಕೊಂಡು
ಸುಮ್ಮನಾಗುತ್ತಿದ್ದರು.

ಮಂಡಕ್ಕಿ ಭಟ್ಟಿಯ ಉಚ್ಚೆಂಗೆಮ್ಮ
ಸಂಜೆ ಆರಕ್ಕೆ ಬರುತ್ತಾಳೆ, ಹುಬ್ಬಿನ ತುಂಬ ಬೂದಿ.
ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ
ಕಾಲುಗಂಟೆ ಕಾದಾಡುವ ಬಾಯಿ
ಇಲ್ಲಿ ತಣ್ಣಗಿರುತ್ತದೆ.
"ಇಲ್ಲಿ ಸೋಲೋದೂ ಇಲ್ಲ, ಗೆಲ್ಲೋದೂ ಇಲ್ಲ ಬಿಡಪ್ಪ,
ಜೀವಕ್ಕೆ ಒಂಚೂರು ರಜೆ."
ಒಂದೊಂದನ್ನೂ ಎತ್ತಿ, ತಿರುವಿ, ಇದು ಯಾತಕ್ಕವ್ವ ಅಂತ
ರುಬೀನಾಳನ್ನು ಕೇಳಿ, ನಕ್ಕು, ಇದ್ದಲ್ಲೇ ಇಟ್ಟು,
ಬರಿಗೈಯಲ್ಲಿ ಹೋಗುತ್ತಾಳೆ.
ಯಾರೂ ಏನೂ ಅನ್ನುವುದಿಲ್ಲ.

ನಾನು ನೋಡುವುದು ಲೇಬಲ್ಲು.
ಆ ಲಿಪಿ ನನಗೆ ಬಾರದು,
ಆದರೂ ಕೈ ತಾನೇ ಎಣಿಸುತ್ತದೆ:
ಇದಕ್ಕೆ ಒಂಬತ್ತು ಪೆಟ್ಟು, ಇದಕ್ಕೆ ಹದಿನಾಲ್ಕು,
ಇಲ್ಲಿ ಉಳಿ ಎತ್ತಬೇಕು, ಇಲ್ಲಿ ಎಳೆಯಬೇಕು.
ಕಿಟಕಿಯ ಹಾಗೊಂದು ಅಕ್ಷರವಿದೆ,
ಮಾಡಿನ ಕೆಳಗೆ ಯಾರೋ ಕೂತ ಹಾಗೆ ಇನ್ನೊಂದು.
ಎರಡು ರೂಪಾಯಿಗೆ ಕಟ್ಟುಬೀಳುವುದಿಲ್ಲ.

ಹೋದ ಗುರುವಾರ ಉಚ್ಚೆಂಗೆಮ್ಮ ಕೊಂಡೇಬಿಟ್ಟಳು.
ಅಂಗೈಯಗಲದ ಸ್ಟೀಲ್ ಡಬ್ಬಿ, ಮುಚ್ಚಳದ ಸುತ್ತ ರಬ್ಬರು,
ತಲೆಕೆಳಗು ಮಾಡಿದರೂ ಸಾರು ಚೆಲ್ಲದು.
ನೇರ ನನ್ನ ಮೆಟ್ಟಿಲಿಗೆ ತಂದು
"ಮುಚ್ಚಳದ ಮ್ಯಾಲೆ ಹೆಸರು ಹಾಕು,
ಭಟ್ಟಿಯಾಗೆ ಕದೀತಾರೆ" ಅಂದಳು.
ಉಳಿ ಇಟ್ಟೆ. ಉ ಬಂತು.
ಚೆ ಬಂತು. ಅದರ ಒತ್ತಿಗೆ ಬಂದಾಗ
ಟಪ್ಪಂತ ತೂತು.

ತಗಡು ಅಷ್ಟು ತೆಳು.
ನಮ್ಮ ಪೇಟೆಯ ಪಾತ್ರೆಗಳು
ನನ್ನ ಪೆಟ್ಟಿಗೆ ಕಾದುಕೊಂಡೇ ಹುಟ್ಟಿರುತ್ತವೆ,
ಕೊಟ್ಟವರು, ಇಸಕೊಂಡವರು, ತಾರೀಖು.
ಇದು ಯಾರ ಹೆಸರೂ ಬೇಡದೆ ಬಂದದ್ದು.
ಎಲ್ಲವನ್ನೂ ಯೋಚಿಸಿದ ಆ ಮನುಷ್ಯ
ಇದೊಂದನ್ನು ಯೋಚಿಸಿರಲಿಲ್ಲ.

ತೊಂಬತ್ತೊಂಬತ್ತು ಎಣಿಸಿ ಕೊಡಹೋದೆ.
ಅವಳು ಮುಚ್ಚಳವನ್ನು ಕಣ್ಣಿಗೆ ಹಿಡಿದು
ಬೀದಿ ನೋಡುತ್ತಿದ್ದಳು.
"ಬೆಕ್ಕು ಕಾಣ್ತತಿ."
ದುಡ್ಡು ಬೇಡವಂತೆ.
ಸಾರು ಹೋದರೆ ಹೋಯಿತು,
ಬಿಸಿ ರೊಟ್ಟಿ ಇನ್ನು ಬೆವರುವುದಿಲ್ಲವಂತೆ.

ಮೂಡಿದ್ದ ಎರಡಕ್ಷರಕ್ಕೆ ನಾಲ್ಕು ರೂಪಾಯಿ ಇಟ್ಟು ಹೋದಳು.
ಮೂರಕ್ಕೆ ಕೇಳಲಿಲ್ಲ.
ಯಾಕೋ
ಅದು ನನಗೆ ಸರಿಬರಲಿಲ್ಲ.